ಖಾನಾಪುರದ ಕಾಡಿನಲ್ಲಿ ನೊಣಹಿಡುಕ ಗುರುತಿಸುವುದು: ಮೊದಲು ಕೊಂಬೆ ನೋಡಿ, ಆಮೇಲೆ ಗಂಟಲು

ನೊಣಹಿಡುಕ ಹಕ್ಕಿಯನ್ನು ಹುಡುಕುತ್ತ ಅಲೆಯುವವರಿಗಿಂತ ಒಂದು ಕಡೆ ಸುಮ್ಮನೆ ಕೂತವರಿಗೆ ಅದು ಬೇಗ ಕಾಣುತ್ತದೆ. ಕಾರಣ ಅದು ಹೊಟ್ಟೆ ಹೊರೆಯುವ ರೀತಿಯಲ್ಲೇ ಇದೆ. ಕೊಂಬೆಯೊಂದರ ಮೇಲೆ ನೆಟ್ಟಗೆ ಕೂರುತ್ತದೆ, ಗಾಳಿಯಲ್ಲಿ ಹುಳ ಹಾದುಹೋದರೆ ಚಿಮ್ಮಿ ಹಿಡಿಯುತ್ತದೆ, ತಿರುಗಿ ಅದೇ ಕೊಂಬೆಗೋ ಅದರ ಪಕ್ಕದ ಕೊಂಬೆಗೋ ಬರುತ್ತದೆ. ಆ ಕೊಂಬೆ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಕಾಡಿಗೆ ಹೊಸಬರು ಹಕ್ಕಿ ಹಾರಿದ ಕಡೆಗೆ ಹೆಜ್ಜೆ ಹಾಕುತ್ತಾರೆ. ಅಷ್ಟರಲ್ಲಿ ಅದು ವಾಪಸ್ ಬಂದು, ಕೊಂಬೆಯ ಕೆಳಗೆ ಮನುಷ್ಯ ನಿಂತದ್ದನ್ನು ಕಂಡು, ಜಾಗವನ್ನೇ ಬಿಟ್ಟು ಹೋಗುತ್ತದೆ.

ಬೆಳಗಾವಿ ಜಿಲ್ಲೆಯ ಪಶ್ಚಿಮದ ಅಂಚು ಈ ಹಕ್ಕಿಗಳಿಗೆ ಹೇಳಿ ಮಾಡಿಸಿದ ಸೀಮೆ. ಖಾನಾಪುರದಿಂದ ಜಾಂಬೋಟಿ, ಅಲ್ಲಿಂದ ಮಲಪ್ರಭೆ ಹುಟ್ಟುವ ಕಣಕುಂಬಿ, ಮುಂದೆ ಚೋರ್ಲಾ ಘಾಟ್; ಇನ್ನೊಂದು ಕಡೆ ನಾಗರಗಾಳಿ, ಲೋಂಡಾ. ಈ ಸುತ್ತಿನಲ್ಲಿ ತೇವದ ಕಾಡು, ಬಿದಿರು ಮೆಳೆ, ಬೇಸಿಗೆಯಲ್ಲೂ ಸಣ್ಣಗೆ ಹರಿಯುವ ಹಳ್ಳ ಮೂರೂ ಇವೆ. ನಡುವೆ 2011ರಲ್ಲಿ ಘೋಷಣೆಯಾದ, ಸುಮಾರು 190 ಚದರ ಕಿಲೋಮೀಟರಿನ ಭೀಮಗಡ ವನ್ಯಜೀವಿ ಧಾಮವಿದೆ. ಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ನೊಣಹಿಡುಕ ನೋಡಲು ಒಳಗೆ ಹೋಗಲೇಬೇಕು ಅಂತಲೂ ಇಲ್ಲ. ಸಾರ್ವಜನಿಕ ರಸ್ತೆ ಹಳ್ಳ ದಾಟುವ ಕಡೆ, ಸೇತುವೆಯ ಅಂಚಿನಲ್ಲಿ, ಊರಿನ ಮಾವಿನ ತೋಪಿನಲ್ಲಿ ಇವು ಧಾರಾಳವಾಗಿ ಸಿಗುತ್ತವೆ. ಆ ಭಾಗದ ಹಳ್ಳಿಗಳಲ್ಲಿ ಮರಾಠಿ, ಕೊಂಕಣಿ ಹೆಚ್ಚು. ಮರಾಠಿಯಲ್ಲಿ ನೊಣಹಿಡುಕಕ್ಕೆ ಮಾಶೀಮಾರ್ ಅನ್ನುತ್ತಾರೆ, ಉದ್ದ ಬಾಲದ ರಾಜಹಕ್ಕಿಗೆ ಸ್ವರ್ಗೀಯ ನರ್ತಕ ಎಂಬ ಹೆಸರಿದೆ. ದಾರಿ ಕೇಳುವಾಗ ಈ ಎರಡು ಶಬ್ದ ಗೊತ್ತಿದ್ದರೆ ಅನುಕೂಲ.

ಇದು ನೊಣಹಿಡುಕ ಹೌದೋ ಅಲ್ಲವೋ

ಬಣ್ಣಕ್ಕಿಂತ ಮೊದಲು ಕೂತ ಭಂಗಿ ನೋಡಿ. ನೊಣಹಿಡುಕದ ಮೈ ನೆಟ್ಟಗಿರುತ್ತದೆ, ಕಾಲು ಗಿಡ್ಡ, ತಲೆ ದುಂಡಗೆ, ಮೈಗೆ ಹೋಲಿಸಿದರೆ ಕಣ್ಣು ದೊಡ್ಡದು. ಕೊಕ್ಕು ಬುಡದಲ್ಲಿ ಅಗಲವಾಗಿ ಚಪ್ಪಟೆಯಾಗಿದೆ, ಅದರ ಎರಡೂ ಬದಿಗೆ ಗಡುಸಾದ ಸಣ್ಣ ಮೀಸೆಗಳಿವೆ. ಹತ್ತಿರದಿಂದ, ಬದಿಯಿಂದ ನೋಡಿದರೆ ಮಾತ್ರ ಈ ಮೀಸೆ ಕಾಣುತ್ತವೆ.

ಎರಡನೆಯದು ನಡವಳಿಕೆ. ಎಲೆಗಳ ನಡುವೆ ಒಂದು ಕ್ಷಣವೂ ನಿಲ್ಲದೆ ಜಿಗಿಯುತ್ತ, ಎಲೆಯ ಅಡಿ ಹುಳ ಹೆಕ್ಕುವ ಹಸಿರು-ಬೂದು ಪುಟ್ಟ ಹಕ್ಕಿ ಉಲಿಯಕ್ಕಿ, ನೊಣಹಿಡುಕವಲ್ಲ. ತೆರೆದ ಬಯಲಿನಲ್ಲಿ ತಂತಿಯ ಮೇಲೆ ಕೂತು ಚಿಮ್ಮಿ ಹುಳ ಹಿಡಿದು ವಾಪಸ್ ಬರುವ ಕವಲು ಬಾಲದ ಕಪ್ಪು ಹಕ್ಕಿ ಕಾಜಾಣ. ಅದೇ ರೀತಿ ಬೇಟೆಯಾಡುವ, ಉದ್ದ ಬಾಗಿದ ಕೊಕ್ಕಿನ ಹಸಿರು ಹಕ್ಕಿ ಕಳ್ಳಿಪೀರ. ಇವೆರಡಕ್ಕೂ ಬಿಸಿಲು ಬೇಕು. ನಮ್ಮ ನೊಣಹಿಡುಕಗಳಲ್ಲಿ ಹೆಚ್ಚಿನವು ನೆರಳಿನ ಹಕ್ಕಿಗಳು, ಮರದ ಚಾವಣಿಯ ಕೆಳಗೆ, ನೆಲದಿಂದ ಒಂದರಿಂದ ನಾಲ್ಕು ಮೀಟರ್ ಎತ್ತರದಲ್ಲಿ ಇರುವಂಥವು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನೊಣಹಿಡುಕ ಎಂದು ಕರೆಸಿಕೊಳ್ಳುವ ಹಕ್ಕಿಗಳೆಲ್ಲ ಒಂದೇ ಕುಟುಂಬದವಲ್ಲ. ಟಿಕೆಲ್ ನೀಲಿ ನೊಣಹಿಡುಕ ಮಸ್ಸಿಕಾಪಿಡೆ ಕುಟುಂಬಕ್ಕೆ ಸೇರಿದ್ದು. ನಮ್ಮ ಅಂಗಳದ ಮಡಿವಾಳ ಹಕ್ಕಿಯೂ ಅದೇ ಕುಟುಂಬದ್ದು. ರಾಜಹಕ್ಕಿಯದು ಮೊನಾರ್ಕಿಡೆ ಕುಟುಂಬ, ಬೀಸಣಿಗೆ ಬಾಲದ ಹಕ್ಕಿಗಳದು ಮತ್ತೊಂದು. ಹಾರುವ ಹುಳ ಹಿಡಿಯುವ ಕೆಲಸ ಒಂದೇ ಆದ್ದರಿಂದ ಕೊಕ್ಕು, ಭಂಗಿ ಒಂದೇ ತರಹ ಕಾಣುತ್ತವೆ.

ಯಾವಾಗ, ಎಲ್ಲಿ ಕೂರಬೇಕು

ಜನವರಿಯಲ್ಲಿ ಬೆಳಗಾವಿಯಲ್ಲಿ ಸೂರ್ಯ ಹುಟ್ಟುವುದೇ 7 ಗಂಟೆ ಸುಮಾರಿಗೆ, ಮೇ ತಿಂಗಳಲ್ಲಿ 6ಕ್ಕೆ. ಚಳಿಗಾಲದಲ್ಲಿ ನಸುಕಿನಲ್ಲೇ ಹೋಗಿ ಮಂಜಿನಲ್ಲಿ ನಡುಗುತ್ತ ನಿಂತರೆ ಫಲ ಕಡಿಮೆ. ಗಾಳಿ ಬೆಚ್ಚಗಾಗುವವರೆಗೆ ಹುಳ ಹಾರುವುದಿಲ್ಲ, ಹುಳ ಹಾರದೆ ನೊಣಹಿಡುಕಕ್ಕೆ ಕೆಲಸವಿಲ್ಲ. ಡಿಸೆಂಬರ್–ಜನವರಿಯಲ್ಲಿ 7:45ರಿಂದ 10ರವರೆಗಿನ ಹೊತ್ತು ಒಳ್ಳೆಯದು. ಏಪ್ರಿಲ್–ಮೇನಲ್ಲಿ 6:15ಕ್ಕೇ ಕೂತಿರಬೇಕು, 9ರ ಹೊತ್ತಿಗೆ ಹಕ್ಕಿಗಳು ತಣ್ಣಗಿನ ಹಳ್ಳಕ್ಕೆ ಇಳಿದುಬಿಡುತ್ತವೆ. ಸಂಜೆ 4ರ ನಂತರ ಮತ್ತೆ ಚಟುವಟಿಕೆ ಶುರುವಾಗುತ್ತದೆ. ಟಿಕೆಲ್ ನೊಣಹಿಡುಕವಂತೂ ಸೂರ್ಯ ಮುಳುಗಿದ ಮೇಲೂ, ಬೇರೆ ಹಕ್ಕಿಗಳು ಗೂಡು ಸೇರಿದ ಮೇಲೂ ಬೇಟೆಯಾಡುತ್ತಿರುತ್ತದೆ.

ವರ್ಷದಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಜಾತಿಗಳ ಸಂಖ್ಯೆ ಹೆಚ್ಚು. ಇಲ್ಲೇ ಇರುವ ಹಕ್ಕಿಗಳ ಜೊತೆಗೆ ಹಿಮಾಲಯ ಮತ್ತು ಅದರಾಚೆಯಿಂದ ಬರುವ ವಲಸೆಗಾರರೂ ಸೇರುತ್ತಾರೆ. ಹಾಡು ಕೇಳಬೇಕಾದರೆ ಏಪ್ರಿಲ್, ಮೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಣಕುಂಬಿ ಕಡೆ ಸುರಿಯುವ ಮಳೆಯಲ್ಲಿ ದುರ್ಬೀನಿನ ಗಾಜು ಒರೆಸುವುದರಲ್ಲೇ ದಿನ ಹೋಗುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಹಕ್ಕಿ ಕಾಣಬಹುದು, ಆದರೆ ಕಲಿಯುವುದಕ್ಕೆ ಅದು ಕಾಲವಲ್ಲ. ಜಿಗಣೆಗಳ ಕಾಟ ಬೇರೆ.

ಜಾಗ ಆರಿಸುವಾಗ ಮೂರು ವಸ್ತು ಒಟ್ಟಿಗೆ ಇರುವ ಕಡೆ ಹುಡುಕಿ: ನಿಂತ ಅಥವಾ ಮೆಲ್ಲಗೆ ಹರಿಯುವ ನೀರು, ಅದರ ಮೇಲೆ ಚಾಚಿದ ಎಲೆಯಿಲ್ಲದ ಕಡ್ಡಿ ಇಲ್ಲವೇ ಬಿದಿರಿನ ಬರಿ ಗಳ, ಹಿಂದೆ ದಟ್ಟ ನೆರಳು. ನೀರಿನ ಮೇಲೆ ಸಣ್ಣ ಹುಳಗಳು ಎದ್ದಿರುತ್ತವೆ, ಬರಿಯ ಕಡ್ಡಿಯಿಂದ ನಾಲ್ಕೂ ಕಡೆ ಕಾಣುತ್ತದೆ, ಗಿಡುಗ ಬಂದರೆ ಹಿಂದಿನ ನೆರಳಿನಲ್ಲಿ ನುಗ್ಗಲು ಆಗುತ್ತದೆ. ಕೊಂಬೆಯ ಕೆಳಗಿನ ಎಲೆ, ಕಲ್ಲುಗಳ ಮೇಲೆ ಬಿಳಿ ಹಿಕ್ಕೆಯ ಚುಕ್ಕೆಗಳು ಗುಂಪಾಗಿ ಬಿದ್ದಿದ್ದರೆ ಯಾವುದೋ ಹಕ್ಕಿ ಅಲ್ಲಿ ದಿನಾಲೂ ಕೂರುತ್ತದೆ ಎಂದರ್ಥ.

ಅಲ್ಲಿಂದ ಎಂಟು–ಹನ್ನೆರಡು ಮೀಟರ್ ದೂರದಲ್ಲಿ, ಸೂರ್ಯ ನಿಮ್ಮ ಬೆನ್ನಿಗೆ ಬರುವ ಹಾಗೆ ಕೂತುಕೊಳ್ಳಿ. ಅಂದರೆ ಬೆಳಿಗ್ಗೆ ಪಶ್ಚಿಮಕ್ಕೆ ಮುಖ, ಸಂಜೆ ಪೂರ್ವಕ್ಕೆ. ಮರದ ಬೊಡ್ಡೆಗೆ ಒರಗಿ ಕೂತರೆ ನಿಮ್ಮ ಆಕಾರ ಅದರಲ್ಲಿ ಬೆರೆತು ಹೋಗುತ್ತದೆ. ನಿಂತ ಮನುಷ್ಯನಿಗಿಂತ ಕೂತ ಮನುಷ್ಯನನ್ನು ಹಕ್ಕಿ ಬೇಗ ಒಪ್ಪಿಕೊಳ್ಳುತ್ತದೆ. ಬಿಳಿ, ಹಳದಿ, ಕೆಂಪು ಅಂಗಿ ಬೇಡ. ಮಾಸಿದ ಖಾಕಿ, ಕಂದು, ಕಡು ಹಸಿರು ಸರಿ. ಕೂತ ಮೇಲೆ ಇಪ್ಪತ್ತು ನಿಮಿಷ ಅಲ್ಲಾಡಬೇಡಿ. ಮೊದಲ ಹತ್ತು ನಿಮಿಷ ಏನೂ ಕಾಣದೆ ಎದ್ದು ಹೋಗುವುದೇ ಹೆಚ್ಚಿನವರು ಮಾಡುವ ತಪ್ಪು. ನೀವು ಬಂದ ಸದ್ದಿಗೆ ಸರಿದ ಹಕ್ಕಿ ಹಿಂದಿರುಗಲು ಅಷ್ಟು ಹೊತ್ತು ಬೇಕು.

ಇದು ಕರಡಿ, ಕಾಟಿ ಓಡಾಡುವ ಕಾಡು. ಒಬ್ಬರೇ ಹೋಗಬೇಡಿ, ಪೊದೆಯೊಳಗೆ ಬೆನ್ನು ಮಾಡಿ ಕೂರಬೇಡಿ, ಕತ್ತಲಾಗುವ ಮೊದಲು ರಸ್ತೆಗೆ ಬಂದಿರಿ. ಉಣ್ಣೆಗಳ ಕಾಟಕ್ಕೆ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೈ ಪರೀಕ್ಷಿಸಿಕೊಳ್ಳಿ.

ದುರ್ಬೀನು ಮತ್ತು ಕೈ

8×42 ಅಳತೆಯ ದುರ್ಬೀನು ಸಾಕು. 8 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. 42ನ್ನು 8ರಿಂದ ಭಾಗಿಸಿದರೆ ಬರುವ 5.25 ಮಿಲಿಮೀಟರ್ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ. ಕಾಡಿನ ನೆರಳಿನಲ್ಲಿ ಈ ಸಂಖ್ಯೆ 5ರ ಆಸುಪಾಸು ಇದ್ದರೆ ಬಣ್ಣ ಕಾಣುತ್ತದೆ. ಜೇಬಿಗೆ ಹಿಡಿಯುವ 10×25 ತಂದರೆ ಅದು 2.5ಕ್ಕೆ ಇಳಿಯುತ್ತದೆ. ಬಯಲಲ್ಲಿ ಚೆನ್ನಾಗಿದ್ದ ದುರ್ಬೀನು ಬಿದಿರಿನ ಕೆಳಗೆ ಬರೀ ಕಪ್ಪು ಆಕಾರ ತೋರಿಸುವುದು ಇದರಿಂದಲೇ. ಹತ್ತು ಪಟ್ಟಿನದರಲ್ಲಿ ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ. ಕೊಳ್ಳುವಾಗ ಎರಡು–ಎರಡೂವರೆ ಮೀಟರ್ ಹತ್ತಿರದ ವಸ್ತುವೂ ಸ್ಪಷ್ಟವಾಗುತ್ತದೆಯೇ ನೋಡಿ. ಈ ಹಕ್ಕಿಗಳು ಕೆಲವೊಮ್ಮೆ ಅಷ್ಟು ಸಮೀಪ ಬಂದು ಕೂರುತ್ತವೆ.

ಹಕ್ಕಿ ಕಂಡಾಗ ತಲೆ ಬಗ್ಗಿಸಿ ದುರ್ಬೀನು ಹುಡುಕಬೇಡಿ. ಕಣ್ಣು ಹಕ್ಕಿಯ ಮೇಲೇ ಇರಲಿ, ದುರ್ಬೀನನ್ನು ಮೆಲ್ಲಗೆ ಎತ್ತಿ ಕಣ್ಣಿಗೂ ಹಕ್ಕಿಗೂ ನಡುವೆ ತನ್ನಿ. ಮನೆಯ ಅಂಗಳದಲ್ಲಿ ಒಂದು ಎಲೆಯನ್ನು ಗುರಿ ಮಾಡಿಕೊಂಡು ದಿನಕ್ಕೆ ಇಪ್ಪತ್ತು ಸಲ ಹೀಗೆ ಎತ್ತಿ ಇಳಿಸಿ. ವಾರದಲ್ಲಿ ಕೈ ಪಳಗುತ್ತದೆ. ಹಕ್ಕಿ ಹಾರಿದಾಗ ಅದರ ಹಿಂದೆ ದುರ್ಬೀನು ಓಡಿಸಬೇಡಿ, ಖಾಲಿ ಕೊಂಬೆಯ ಮೇಲೇ ಹಿಡಿದಿರಿ. ವಾಪಸ್ ಬಂದಾಗ ಅದು ನೇರ ನಿಮ್ಮ ನೋಟದ ನಡುವೆ ಇಳಿಯುತ್ತದೆ.

ಟಿಕೆಲ್ ನೀಲಿ ನೊಣಹಿಡುಕ

ಇದನ್ನು ಚೆನ್ನಾಗಿ ಕಲಿತರೆ ಉಳಿದವನ್ನು ಇದಕ್ಕೆ ಹೋಲಿಸಿ ಕಲಿಯಬಹುದು. ವರ್ಷವಿಡೀ ಇಲ್ಲೇ ಇರುತ್ತದೆ, ದಟ್ಟ ಕಾಡಿನಿಂದ ಹಿಡಿದು ಒಣ ಕುರುಚಲಿನ ನೆರಳಿರುವ ಕಣಿವೆಯವರೆಗೆ ಹೊಂದಿಕೊಳ್ಳುತ್ತದೆ. ಬ್ರಿಟಿಷ್ ಸೇನೆಯಲ್ಲಿದ್ದು ಭಾರತ, ಬರ್ಮಾಗಳಲ್ಲಿ ಹಕ್ಕಿ ಅಧ್ಯಯನ ಮಾಡಿದ ಸ್ಯಾಮ್ಯುಯೆಲ್ ಟಿಕೆಲ್ ಹೆಸರು ಇದಕ್ಕೆ. ಉದ್ದ ಸುಮಾರು 14 ಸೆಂಟಿಮೀಟರ್, ಗುಬ್ಬಿಗಿಂತ ಸ್ವಲ್ಪ ಚಿಕ್ಕದು, ಇನ್ನೂ ತೆಳ್ಳಗೆ.

ಗಂಡಿನ ಬೆನ್ನು ಕಡು ನೀಲಿ. ಹಣೆ, ಹುಬ್ಬು ಮತ್ತು ಹೆಗಲ ಹತ್ತಿರ ನೀಲಿ ಇನ್ನಷ್ಟು ಹೊಳೆಯುತ್ತದೆ. ಗಂಟಲು, ಎದೆ ಕಿತ್ತಳೆ. ಎದೆಯ ಕೆಳಗೆ ಕಿತ್ತಳೆ ಥಟ್ಟನೆ ನಿಂತು ಬಿಳಿ ಹೊಟ್ಟೆ ಶುರುವಾಗುತ್ತದೆ. ಹೆಣ್ಣಿನ ಮೈಮೇಲೂ ಅದೇ ನಕ್ಷೆ, ಬಣ್ಣ ಮಾತ್ರ ತೊಳೆದು ಮಾಸಿದ ಹಾಗೆ: ಬೆನ್ನು ಬೂದು ಬೆರೆತ ನೀಲಿ, ಎದೆ ತಿಳಿ ಕಿತ್ತಳೆ. ಮರಿಗಳ ಮೈತುಂಬ ಚುಕ್ಕೆ. ರೆಕ್ಕೆ, ಬಾಲದಲ್ಲಿ ಮಾತ್ರ ನೀಲಿ.

ಬಿದಿರಿನ ಗಳದ ಮೇಲೆ ಕೂತ ಗಂಡನ್ನು ಒಂದು ನಿಮಿಷ ಬಿಡದೆ ನೋಡಿ. ಬಾಲ ಆಗಾಗ ಸಣ್ಣಗೆ ಅದುರುತ್ತದೆ. ತಲೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಬೇರೆ ಬೇರೆ ಹೊರಳುತ್ತಿದ್ದರೂ ಮೈ ಮಿಸುಕುವುದಿಲ್ಲ. ಕಪ್ಪು ಕಣ್ಣು ಒಂದು ಕಡೆ ನೆಟ್ಟಿತು ಎಂದರೆ ಮರುಕ್ಷಣ ಅದು ಕೊಂಬೆಯಲ್ಲಿಲ್ಲ. ಹತ್ತಿರವಿದ್ದರೆ ಕೊಕ್ಕು ಮುಚ್ಚಿದ ಟಪ್ ಸದ್ದು ಕೇಳುತ್ತದೆ. ಹಾರುವ ಹುಳವೇ ಇದರ ಮುಖ್ಯ ಊಟ, ಆದರೆ ಒಮ್ಮೊಮ್ಮೆ ನೆಲಕ್ಕಿಳಿದು ಹರಿದಾಡುವ ಹುಳವನ್ನೂ ಎತ್ತಿಕೊಂಡು ಬರುತ್ತದೆ. ದೊಡ್ಡ ಪತಂಗ ಸಿಕ್ಕರೆ ಕೊಂಬೆಗೆ ಬಡಿದು ರೆಕ್ಕೆ ಉದುರಿಸಿ ನುಂಗುತ್ತದೆ, ಆಗ ನಿಮಗೆ ನಾಲ್ಕೈದು ಸೆಕೆಂಡ್ ಹೆಚ್ಚು ಸಿಗುತ್ತದೆ. ಗಂಟಲು ನೋಡಿಕೊಳ್ಳಲು ಅದೇ ತಕ್ಕ ಹೊತ್ತು.

ಗಂಟಲಿಗೆ ಇಷ್ಟೊಂದು ಒತ್ತು ಕೊಡುವುದಕ್ಕೆ ಕಾರಣವಿದೆ. ಹಕ್ಕಿಯ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ಗರಿಯ ಒಳರಚನೆ ಬೆಳಕನ್ನು ಚದುರಿಸುವುದರಿಂದ ಹುಟ್ಟುವ ನೀಲಿ ಅದು. ಬೆಳಕು ಹಕ್ಕಿಯ ಹಿಂದಿನಿಂದ ಬಂದರೆ, ಅಥವಾ ನೆರಳು ದಟ್ಟವಾಗಿದ್ದರೆ ನೀಲಿ ಆರಿಹೋಗಿ ಕಪ್ಪು, ಬೂದು ಕಾಣುತ್ತದೆ. ಕಿತ್ತಳೆ ಬಣ್ಣದ್ರವ್ಯದಿಂದ ಬಂದದ್ದು, ಮಂದ ಬೆಳಕಿನಲ್ಲೂ ಸಾಕಷ್ಟು ಉಳಿಯುತ್ತದೆ. ಆದ್ದರಿಂದ ನೀಲಿ ಎಷ್ಟು ಗಾಢ ಎಂದು ತೂಗುತ್ತ ಕೂರುವುದು ವ್ಯರ್ಥ. ಕಿತ್ತಳೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಅದನ್ನು ನೋಡಿ.

ಹಾಡು ಗೊತ್ತಿದ್ದರೆ ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಲೋಹದ ಕಿರುಗಂಟೆ ಅಲ್ಲಾಡಿಸಿದಂಥ ತೆಳು ಸ್ವರ, ಐದಾರು ಸ್ವರಗಳ ಚಿಕ್ಕ ಸಾಲು, ಮೊದಲು ಇಳಿದು ಆಮೇಲೆ ಏರುತ್ತದೆ. ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ನೀವು ತೀರ ಹತ್ತಿರ ಹೋದರೆ ಹಾಡು ನಿಂತು ಟಿಕ್ ಟಿಕ್ ಎಂಬ ಒಣ ಸದ್ದು ಬರುತ್ತದೆ. ಅದು ಬಂತೆಂದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ.

ಇದರೊಂದಿಗೆ ಕಲೆಸಿಹೋಗುವ ಮೂರು ಹಕ್ಕಿ

ಮೊದಲನೆಯದು ನೀಲಿ ಗಂಟಲ ನೊಣಹಿಡುಕ. ಚಳಿಗಾಲದ ಅತಿಥಿ. ಎದೆ ಕಿತ್ತಳೆ, ಹೊಟ್ಟೆ ಬಿಳಿ, ಬೆನ್ನು ನೀಲಿ ಎಲ್ಲ ಟಿಕೆಲ್ ಹಾಗೆಯೇ, ಆದರೆ ಗಂಡಿನ ಗಂಟಲು ನೀಲಿ. ಕೆಲವು ಹಕ್ಕಿಗಳಲ್ಲಿ ಎದೆಯ ಕಿತ್ತಳೆ ಗಂಟಲಿನ ನಡುವಿಗೆ ಮೊನೆಯಾಗಿ ಏರಿರುತ್ತದೆ. ಮುಂದಿನಿಂದ ಮಾತ್ರ ನೋಡಿದವರು ಇದನ್ನು ಟಿಕೆಲ್ ಎಂದು ಬರೆದುಬಿಡುತ್ತಾರೆ. ಗದ್ದದ ಎರಡೂ ಬದಿ ನೋಡಿ: ಕೊಕ್ಕಿನ ಬುಡದವರೆಗೆ ಪೂರ್ತಿ ಕಿತ್ತಳೆಯಿದ್ದರೆ ಟಿಕೆಲ್, ಬದಿಗಳಲ್ಲಿ ನೀಲಿಯಿದ್ದರೆ ಇದು. ಹೆಣ್ಣು ಇನ್ನೂ ಸುಲಭ. ನೀಲಿ ಗಂಟಲ ಹೆಣ್ಣಿನ ಬೆನ್ನು ಕಂದು, ಟಿಕೆಲ್ ಹೆಣ್ಣಿನ ಬೆನ್ನಿನಲ್ಲಿ ನೀಲಿಯ ಛಾಯೆ ಇದ್ದೇ ಇರುತ್ತದೆ.

ಎರಡನೆಯದು ಬಿಳಿ ಹೊಟ್ಟೆಯ ನೀಲಿ ನೊಣಹಿಡುಕ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಅದಕ್ಕಾಗಿಯಾದರೂ ಪ್ರತಿ ಟಿಕೆಲ್ ಹಕ್ಕಿಯನ್ನೂ ಎರಡು ಸಲ ನೋಡಬೇಕು. ಇದರ ಗಂಡಿನ ಮೈಮೇಲೆ ಕಿತ್ತಳೆಯೇ ಇಲ್ಲ. ಗಂಟಲು, ಎದೆ ಕಡು ನೀಲಿ, ಹೊಟ್ಟೆ ಬಿಳಿ. ಗೊಂದಲವಾಗುವುದು ಹೆಣ್ಣಿನಲ್ಲಿ. ಅದರ ಗಂಟಲು, ಎದೆ ಕೆಂಗಿತ್ತಳೆ, ಹೊಟ್ಟೆ ಬಿಳಿ, ಮೊದಲ ನೋಟಕ್ಕೆ ಟಿಕೆಲ್ ಹೆಣ್ಣಿನ ಹಾಗೇ. ಬೆನ್ನು ತಿರುಗಿಸುವವರೆಗೆ ಕಾಯಿರಿ. ಬೆನ್ನು ಕಂದು, ಬಾಲ ಕೆಂಗಂದು, ಕಣ್ಣು ಕೊಕ್ಕುಗಳ ನಡುವೆ ಮಾಸಲು ಬಿಳಿ ಇದ್ದರೆ ಇದೇ. ಒಣ ಕಾಡಿನಲ್ಲಿ ಇದನ್ನು ಹುಡುಕಬೇಡಿ, ತೇವದ ದಟ್ಟ ಕಾಡೇ ಬೇಕು ಇದಕ್ಕೆ.

ಮೂರನೆಯದು ಇಂಡಿಯನ್ ಬ್ಲೂ ರಾಬಿನ್, ಇದೂ ಚಳಿಗಾಲದ್ದು. ನೀಲಿ ಬೆನ್ನು, ಕಿತ್ತಳೆ ಎದೆ. ಆದರೆ ಕಣ್ಣಿನ ಮೇಲೆ ಸ್ಪಷ್ಟ ಬಿಳಿ ಹುಬ್ಬು, ಕಾಲು ಉದ್ದ, ಇರುವುದು ನೆಲದ ಮೇಲೆ. ತರಗೆಲೆಯ ನಡುವೆ ಕುಪ್ಪಳಿಸಿ, ನಿಂತು, ಬಾಲ ನಡುಗಿಸುವ ಹಕ್ಕಿ ನೊಣಹಿಡುಕವಲ್ಲ.

ದಕ್ಷಿಣ ಭಾರತದ ಹಕ್ಕಿ ಪುಸ್ತಕಗಳಲ್ಲಿ ನೀಲಗಿರಿ ನೊಣಹಿಡುಕ, ಕಪ್ಪು-ಕಿತ್ತಳೆ ನೊಣಹಿಡುಕಗಳ ಚೆಂದದ ಚಿತ್ರಗಳಿರುತ್ತವೆ. ಅವು ದಕ್ಷಿಣದ ಎತ್ತರದ ಬೆಟ್ಟಗಳ ಶೋಲಾ ಕಾಡಿನವು. ಚಿತ್ರ ಹೋಲುತ್ತದೆ ಅಂತ ಖಾನಾಪುರದ ಪಟ್ಟಿಗೆ ಸೇರಿಸಬೇಡಿ.

ರಾಜಹಕ್ಕಿ

ಗಂಡು ರಾಜಹಕ್ಕಿಯನ್ನು ಒಮ್ಮೆ ಕಂಡರೆ ಗುರುತಿಸಲು ಪುಸ್ತಕ ಬೇಡ. ಮಿರಮಿರ ಮಿಂಚುವ ಕಪ್ಪು ತಲೆ, ಜುಟ್ಟು, ಕಣ್ಣಿನ ಸುತ್ತ ನೀಲಿ ಉಂಗುರ, ಹಾಲಿನಂಥ ಬಿಳಿ ಮೈ, ಹಿಂದೆ ಎರಡು ಉದ್ದನೆಯ ಬಾಲದ ಗರಿ. ಮೈ 19ರಿಂದ 22 ಸೆಂಟಿಮೀಟರ್, ಆ ಎರಡು ಗರಿ ಮಾತ್ರ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತವೆ. ಹಾರುವಾಗ ನೆರಳಿನಲ್ಲಿ ಬಿಳಿ ಲಾಡಿಯೊಂದು ತೇಲಿಹೋದ ಹಾಗಿರುತ್ತದೆ. ಮಧ್ಯಪ್ರದೇಶದ ರಾಜ್ಯಪಕ್ಷಿ ಇದೇ, ಅಲ್ಲಿ ಇದನ್ನು ದೂಧರಾಜ್ ಅನ್ನುತ್ತಾರೆ.

ಕಷ್ಟವಿರುವುದು ಕೆಂಗಂದು ಬಣ್ಣದವುಗಳಲ್ಲಿ. ಹೆಣ್ಣು ಕೆಂಗಂದು, ಬಾಲ ಗಿಡ್ಡ. ಮರಿ ಗಂಡೂ ಕೆಂಗಂದು, ಬಾಲ ಗಿಡ್ಡ. ಕೆಲವು ಗಂಡುಗಳು ಉದ್ದ ಬಾಲ ಬಂದ ಮೇಲೂ ಕೆಂಗಂದಾಗಿಯೇ ಇರುತ್ತವೆ. ಉದ್ದ ಬಾಲ ಬರುವುದು ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ. ಗಿಡ್ಡ ಬಾಲದ ಕೆಂಗಂದು ಹಕ್ಕಿ ಕಂಡರೆ ಇಲ್ಲೂ ಗಂಟಲಿಗೇ ಬನ್ನಿ: ಗಂಟಲು ಬೂದು ಬಣ್ಣದ್ದಾಗಿದ್ದರೆ ಹೆಣ್ಣು, ಗಂಟಲೂ ತಲೆಯ ಹಾಗೆ ಕಪ್ಪಗಿದ್ದು ನೀಲಿ ಉಂಗುರ ಎದ್ದು ಕಂಡರೆ ಎಳೆಯ ಗಂಡು. ಜುಟ್ಟು ನೋಡಿ ಪಿಕಳಾರ ಅಂದುಕೊಳ್ಳುವವರಿದ್ದಾರೆ. ಪಿಕಳಾರದ ಬಾಲದ ಬುಡದ ಕೆಳಗೆ ಕೆಂಪು ಇರುತ್ತದೆ, ಬೆನ್ನು ಕೆಂಗಂದಲ್ಲ.

ಇದರ ದನಿ ಮೈಗೆ ತಕ್ಕದ್ದಲ್ಲ. ಚ್ರೇಕ್ ಎಂದು ಒರಟಾಗಿ ಒದರುತ್ತದೆ. ನೆರಳಿನ ಹಳ್ಳದಲ್ಲಿ ಆ ಸದ್ದು ಕೇಳಿದರೆ ಮಡುವಿನ ಮೇಲೆ ಬಾಗಿದ ಕೊಂಬೆಗಳನ್ನು ನೋಡಿ. ಮಧ್ಯಾಹ್ನ 3ರಿಂದ 5ರ ನಡುವೆ ಸ್ನಾನಕ್ಕೆ ಬರುತ್ತದೆ. ಕೊಂಬೆಯಿಂದ ನೇರ ನೀರಿಗೆ ಬಿದ್ದು, ಮೈ ತೋಯಿಸಿಕೊಂಡು ಅದೇ ವೇಗದಲ್ಲಿ ಮೇಲೇರಿ, ಗರಿ ಕೊಡವಿ, ಮತ್ತೆ ಧುಮುಕುತ್ತದೆ. ಮೂರು–ನಾಲ್ಕು ಸಲ ಹೀಗೆ ಮಾಡುವುದರಿಂದ ನೋಡಲು ಸಮಯ ಸಾಕಾಗುತ್ತದೆ. ಚಿತ್ರ ತೆಗೆಯುವವರು ಬಿಳಿ ಗಂಡಿಗೆ ಎಕ್ಸ್‌ಪೋಶರನ್ನು 0.7ರಿಂದ 1 ಸ್ಟಾಪ್ ಇಳಿಸಬೇಕು. ಕ್ಯಾಮೆರಾ ಹಿಂದಿನ ಕತ್ತಲೆಯನ್ನು ಬೆಳಗಿಸಲು ಹೋಗಿ ಬಿಳಿ ಗರಿಯ ಎಳೆಗಳನ್ನೆಲ್ಲ ಸುಟ್ಟುಬಿಡುತ್ತದೆ. ಫ್ಲ್ಯಾಶ್ ಬೇಡ.

ಉಳಿದವು, ಚುಟುಕಾಗಿ

ಮರದ ತುದಿಯ ಬರಿಕೊಂಬೆಯಲ್ಲಿ ಬಿಸಿಲಿಗೆ ಕೂತ, ಮೈಯೆಲ್ಲ ಒಂದೇ ಹಸಿರು-ನೀಲಿ, ಕಣ್ಣಿಗೂ ಕೊಕ್ಕಿಗೂ ನಡುವೆ ಕಪ್ಪು ಮಚ್ಚೆಯಿರುವ ಹಕ್ಕಿ ವರ್ಡಿಟರ್ ನೊಣಹಿಡುಕ, ಚಳಿಗಾಲದ್ದು. ನೆರಳು ಬಿಟ್ಟು ಎತ್ತರದಲ್ಲಿ ಕೂರುವುದೇ ಇದರ ಗುರುತು. ತಲೆಯ ಹಿಂದೆ ಕಪ್ಪು ಬೊಟ್ಟು, ಕತ್ತಿಗೆ ತೆಳು ಕಪ್ಪು ಗೆರೆಯಿರುವ ನೀಲಿ ಹಕ್ಕಿ ಕಪ್ಪು ಕತ್ತಿನ ಮೊನಾರ್ಕ್‌ನ ಗಂಡು, ಸದಾ ಚಡಪಡಿಸುತ್ತದೆ. ಬೂದು ತಲೆ, ಹಳದಿ ಹೊಟ್ಟೆಯ ಪುಟ್ಟದು ಬೂದುತಲೆ ಕ್ಯಾನರಿ ನೊಣಹಿಡುಕ.

ಬಣ್ಣವಿಲ್ಲದ ಎರಡು ಹಕ್ಕಿ ಹೆಚ್ಚು ತಲೆ ತಿನ್ನುತ್ತವೆ. ಏಷ್ಯನ್ ಕಂದು ನೊಣಹಿಡುಕ ಬೂದುಗಂದು, ಕಣ್ಣಿನ ಸುತ್ತ ಬಿಳಿ ಉಂಗುರ, ಕಾಲು ಕಪ್ಪು. ಕಂದೆದೆಯ ನೊಣಹಿಡುಕವೂ ಹಾಗೆಯೇ, ಆದರೆ ಕಾಲು ತಿಳಿ ಹಳದಿ, ಎದೆಯಲ್ಲಿ ಕಂದು ಪಟ್ಟೆ. ಕಾಲು ನೋಡದೆ ಇವೆರಡನ್ನು ಬಿಡಿಸಲು ಹೋಗಬೇಡಿ.

ಚಳಿಗಾಲದಲ್ಲಿ ಕಾಡು ಹತ್ತು ನಿಮಿಷ ನಿಶ್ಶಬ್ದವಾಗಿದ್ದು ಒಮ್ಮೆಲೇ ಹತ್ತಾರು ದನಿ ಎದ್ದರೆ ಬೇಟೆ ತಂಡ ಬಂತು ಎಂದು ತಿಳಿಯಿರಿ. ಕಾಜಾಣ, ಉಲಿಯಕ್ಕಿ, ಬೀಸಣಿಗೆ ಬಾಲದ ಹಕ್ಕಿ, ಮೊನಾರ್ಕ್, ಕ್ಯಾನರಿ ನೊಣಹಿಡುಕ ಒಟ್ಟಿಗೆ ಸಾಗುತ್ತವೆ. ಒಂದರ ಓಡಾಟಕ್ಕೆ ಎದ್ದ ಹುಳ ಇನ್ನೊಂದಕ್ಕೆ ಊಟ. ಇದ್ದಲ್ಲೇ ನಿಲ್ಲಿ, ತಂಡ ನಿಮ್ಮ ಮೇಲೆಯೇ ಹಾದುಹೋಗಲಿ. ಎಲ್ಲವನ್ನೂ ಹಿಡಿಯಲು ಹೋದರೆ ಒಂದೂ ದಕ್ಕುವುದಿಲ್ಲ, ಒಂದು ಹಕ್ಕಿಯನ್ನು ಆರಿಸಿ ಅದನ್ನು ಮುಗಿಸಿ.

ಬಾಗಲಕೋಟೆ, ವಿಜಯಪುರ ಕಡೆಯವರಿಗೆ

ಖಾನಾಪುರದವರೆಗೆ ಬರಲಾಗದವರು ನೆರಳು, ನೀರು ಸೇರುವ ಸಣ್ಣ ಜಾಗಗಳನ್ನು ಹುಡುಕಬೇಕು. ಬಾದಾಮಿ ಸುತ್ತಲಿನ ಮರಳುಗಲ್ಲಿನ ಕಣಿವೆಗಳಲ್ಲಿ ಮರ ಕೂಡಿದ ಕಡೆ, ಮಹಾಕೂಟದ ಹೊಂಡದ ಸುತ್ತಲಿನ ಹಳೆ ಮರಗಳಲ್ಲಿ, ಸಿದ್ದನಕೊಳ್ಳದಂಥ ನೀರಿನ ಕೊಳ್ಳಗಳಲ್ಲಿ ಚಳಿಗಾಲದ ಬೆಳಿಗ್ಗೆ ಕೂತು ನೋಡಿ. ಒಣ ನಾಡಿನ ಕಾಯಂ ಹಕ್ಕಿ ಬಿಳಿಹುಬ್ಬಿನ ಬೀಸಣಿಗೆ ಹಕ್ಕಿ. ಹಣೆಯ ಮೇಲಿಂದ ಹಾಯುವ ಅಗಲ ಬಿಳಿ ಹುಬ್ಬು, ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚಿ ಅತ್ತಿತ್ತ ಹೊರಳುತ್ತ ಸಿಳ್ಳೆಯ ರಾಗ ಹಾಡುತ್ತದೆ. ವಿಜಯಪುರದ ಎರೆ ಸೀಮೆಯಲ್ಲಿ ಹುಣಸೆ, ಬೇವಿನ ತೋಪುಗಳು, ಆಲಮಟ್ಟಿ ಉದ್ಯಾನದ ಮರಗಳು ನೋಡತಕ್ಕವು. ಅಲ್ಲಿ ನವೆಂಬರ್ ಮೇಲೆ ಕೆಂಪೆದೆಯ ನೊಣಹಿಡುಕಕ್ಕಾಗಿ ಬಾಲ ನೋಡಿ: ಕಪ್ಪು ಬಾಲ, ಬುಡದ ಎರಡೂ ಬದಿ ಬಿಳಿ, ಬಾಲವನ್ನು ಆಗಾಗ ಮೇಲಕ್ಕೆತ್ತಿದಾಗ ಆ ಬಿಳಿ ಮಿಂಚುತ್ತದೆ. ಕೆಂಪು ಗಂಟಲು ಬೆಳೆದ ಗಂಡಿಗೆ ಮಾತ್ರ, ಆದ್ದರಿಂದ ಕೆಂಪು ಹುಡುಕುತ್ತ ಕೂತರೆ ಹೆಚ್ಚಿನವು ತಪ್ಪಿಹೋಗುತ್ತವೆ.

ಗೂಡು ಕಂಡರೆ

ಟಿಕೆಲ್ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮರದ ಪೊಟರೆ ಇಲ್ಲವೇ ಬಂಡೆಯ ಸಂದಿಯಲ್ಲಿ ಗೂಡು ಮಾಡಿ ಮೂರರಿಂದ ಐದು ಮೊಟ್ಟೆ ಇಡುತ್ತದೆ. ರಾಜಹಕ್ಕಿ ಮೇ–ಜುಲೈನಲ್ಲಿ ತಗ್ಗಿನ ಕೊಂಬೆಯ ತುದಿಗೆ ಕಡ್ಡಿ, ಜೇಡರ ಬಲೆ ಸೇರಿಸಿ ಬಟ್ಟಲಿನಂಥ ಗೂಡು ಕಟ್ಟುತ್ತದೆ, ಕೆಲವೊಮ್ಮೆ ಕಾಜಾಣದ ಗೂಡಿನ ಆಸರೆಯಲ್ಲಿ. ಶತ್ರುವನ್ನು ಓಡಿಸುವ ಕೆಲಸ ಕಾಜಾಣ ಮಾಡುತ್ತದೆ. ಕಾವು 14ರಿಂದ 16 ದಿನ, ಮರಿ ಗೂಡಿನಲ್ಲಿರುವುದು 9ರಿಂದ 12 ದಿನ.

ಆಕಸ್ಮಿಕವಾಗಿ ಗೂಡಿನ ಹತ್ತಿರ ಬಂದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಿ. ಚಿತ್ರಕ್ಕೆ ಅಡ್ಡ ಬರುವ ಎಲೆ, ಕಡ್ಡಿ ಕತ್ತರಿಸುವವರು ಗೂಡನ್ನೇ ಕೊಂದ ಹಾಗೆ. ಎಲೆ ಹೋದರೆ ಮಧ್ಯಾಹ್ನದ ಬಿಸಿಲು ನೇರ ಮರಿಯ ಮೇಲೆ ಬೀಳುತ್ತದೆ, ಕಾಗೆಗೆ ದಾರಿ ತೆರೆಯುತ್ತದೆ. ನೀವು ತುಳಿದ ಹುಲ್ಲಿನ ಹಾದಿಯನ್ನೇ ಹಿಡಿದು ಮುಂಗುಸಿ, ಬೆಕ್ಕು ಬರಬಹುದು. ಮೊಬೈಲಿನಲ್ಲಿ ಹಾಡು ಹಾಕಿ ಕರೆಯುವುದೂ ಇದೇ ತರಹದ ಹಾನಿ. ಗಂಡು ತನ್ನ ಸೀಮೆಗೆ ಬೇರೊಂದು ಗಂಡು ನುಗ್ಗಿದೆ ಎಂದು ತಿಳಿದು, ಊಟ, ಮರಿ ಬಿಟ್ಟು ಆ ಸದ್ದಿನ ಹಿಂದೆ ಅಲೆಯುತ್ತದೆ. ಹಾಡನ್ನು ಮನೆಯಲ್ಲಿ ಕೇಳಿ ಕಲಿಯಿರಿ, ಕಾಡಿನಲ್ಲಿ ಮೊಬೈಲು ಮೌನವಾಗಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಈ ಹಕ್ಕಿಗಳಿಗಿದೆ. ಗೂಡಿನ ಜಾಗವನ್ನು ಯಾರಿಗೂ ಕಳಿಸಬೇಡಿ, ಚಿತ್ರದ ಜೊತೆಗೂ ಹಾಕಬೇಡಿ.

ಬರೆದಿಡುವುದು

ಪುಸ್ತಕ ಬಿಚ್ಚುವ ಮೊದಲು ನೋಡಿದ್ದನ್ನು ಬರೆಯಿರಿ. ಚಿತ್ರ ನೋಡಿದ ಮೇಲೆ ಬರೆದರೆ ಕಣ್ಣು ಕಾಣದ್ದನ್ನೂ ಕೈ ಬರೆಯುತ್ತದೆ. ದಿನ, ಹೊತ್ತು, ಹತ್ತಿರದ ಊರು, ನೆರಳೋ ಬಿಸಿಲೋ, ಬೆಳಕು ಯಾವ ಕಡೆಯಿಂದ, ಕೊಂಬೆಯ ಎತ್ತರ, ಅದೇ ಕೊಂಬೆಗೆ ವಾಪಸ್ ಬಂತೋ, ಗಂಟಲಿನ ಬಣ್ಣ, ಎದೆ-ಹೊಟ್ಟೆಯ ನಡುವಿನ ಗೆರೆ ಥಟ್ಟನೆಯೋ ಮೆಲ್ಲಗೋ, ಬೆನ್ನು, ಬಾಲದ ಬುಡ, ಕಾಲಿನ ಬಣ್ಣ, ಸದ್ದು. ಕಾಣದ್ದರ ಮುಂದೆ ‘ಕಾಣಲಿಲ್ಲ’ ಎಂದೇ ಬರೆಯಿರಿ, ಖಾಲಿ ಬಿಡಬೇಡಿ. ಮಾದರಿಗೆ ಒಂದು:

‘ಜ. 12, ಬೆಳಿಗ್ಗೆ 8:20, ಜಾಂಬೋಟಿ ರಸ್ತೆ, ಹಳ್ಳದ ಸೇತುವೆ. ನೆರಳು, ಬೆಳಕು ಹಕ್ಕಿಯ ಹಿಂದಿನಿಂದ. ಬಿದಿರು, 2 ಮೀಟರ್. ಮೂರು ಸಲ ಅದೇ ಗಳಕ್ಕೆ ಬಂತು. ಎದೆ ಕಿತ್ತಳೆ, ಹೊಟ್ಟೆ ಬಿಳಿ, ಗೆರೆ ಸ್ಪಷ್ಟ. ಗಂಟಲು ಕಾಣಲಿಲ್ಲ. ಬೆನ್ನು ಕಪ್ಪಾಗಿ ಕಂಡಿತು. ಹಾಡಲಿಲ್ಲ.’

ಈ ಟಿಪ್ಪಣಿಯ ಹಕ್ಕಿ ಟಿಕೆಲ್ ಆಗಿರಬಹುದು, ನೀಲಿ ಗಂಟಲಿನದೂ ಆಗಿರಬಹುದು. ಜನವರಿ ಆದ್ದರಿಂದ ಎರಡಕ್ಕೂ ಅವಕಾಶವಿದೆ, ನಿರ್ಧರಿಸುವ ಗಂಟಲೇ ಕಂಡಿಲ್ಲ. ಇದನ್ನು ‘ನೊಣಹಿಡುಕ, ಜಾತಿ ತಿಳಿಯಲಿಲ್ಲ’ ಎಂದು ದಾಖಲಿಸಿ. ಹಕ್ಕಿ ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲೂ ಹಾಗೆ ನಮೂದಿಸುವ ಅವಕಾಶವಿದೆ. ಹಕ್ಕಿ ಆ ಗಳವನ್ನು ಸುಲಭಕ್ಕೆ ಬಿಡುವುದಿಲ್ಲ. ಮರುದಿನ ಅದೇ ಹೊತ್ತಿಗೆ ಹಳ್ಳದ ಇನ್ನೊಂದು ದಡದಲ್ಲಿ, ಬೆಳಕು ಬೆನ್ನಿಗೆ ಬರುವ ಹಾಗೆ ಕೂತುಕೊಳ್ಳಿ.